ಭತ್ತದ ಸುಗ್ಗಿ ಮತ್ತು ಬೂಷ್ಟು ಹಿಡಿದ ಕಣ್ಣು

ನವೆಂಬರ್ ಕೊನೆಯ ವಾರ ಬಂತೆಂದರೆ ನಮ್ಮ ಆಸ್ಪತ್ರೆಯ ಬೆಂಚಿನ ಮೇಲೆ ಒಂದು ಕಣ್ಣಿಗೆ ಟವೆಲ್ ಒತ್ತಿಕೊಂಡು ಕುಳಿತವರು ಹೆಚ್ಚುತ್ತಾರೆ. ಭದ್ರಾ ನಾಲೆಯ ನೀರುಂಡ ಊರುಗಳಲ್ಲಿ ಅದು ಭತ್ತದ ಕೊಯ್ಲಿನ ಕಾಲ. ಬೇಸಿಗೆ ಬೆಳೆಯ ಕೊಯ್ಲಿಗೆ ಇನ್ನೊಂದು ಸುತ್ತು. ಕಣ್ಣಿನ ವೈದ್ಯನಾಗಿ ಇಲ್ಲಿ ಹದಿನಾಲ್ಕು ವರ್ಷ ಕಳೆದ ನನಗೆ ಅವರ ಮಾತು ಬಾಯಿಪಾಠವಾಗಿದೆ: ಹೊಟ್ಟು ಬಿತ್ತು, ಗರಿ ತಾಗಿತು, ಹಾಲು ಕರೆಯುವಾಗ ಹಸು ಬಾಲ ಬೀಸಿತು. ಎಷ್ಟು ದಿನವಾಯಿತು, ಅಷ್ಟರಲ್ಲಿ ಕಣ್ಣಿಗೆ ಏನೇನು ಹಾಕಿದಿರಿ ಎಂಬುದು ನನ್ನ ಮೊದಲ ಪ್ರಶ್ನೆ. ಕಣ್ಣಿನ ಹಣೆಬರಹ ಬಹುಪಾಲು ಆ ಉತ್ತರದಲ್ಲೇ ಇರುತ್ತದೆ.

ಕಪ್ಪುಗುಡ್ಡೆಯ ಮುಂದಿರುವ ಪಾರದರ್ಶಕ ಪದರವಾದ ಕಾರ್ನಿಯಾ ನಡುವಿನಲ್ಲಿ ಅರ್ಧ ಮಿಲಿಮೀಟರಿಗಿಂತ ತುಸುವೇ ದಪ್ಪ. ಅದರ ಮೇಲ್ಪೊರೆ ಗೀರಿದರೆ ಸಾಕು, ಗರಿಗೆ ಅಂಟಿಕೊಂಡು ಬಂದ ಫ್ಯುಸೇರಿಯಂ ಅಥವಾ ಆಸ್ಪರ್ಜಿಲಸ್ ಒಳಗೆ ನುಸುಳುತ್ತದೆ. ಮಣ್ಣಿನಲ್ಲಿ, ಕೊಳೆತ ಹುಲ್ಲಿನಲ್ಲಿ ಬದುಕುವ ಈ ಶಿಲೀಂಧ್ರಗಳಿಗೆ ನಮ್ಮ ಸೆಕೆಯೂ ತೇವವೂ ತವರುಮನೆಯಿದ್ದಂತೆ. ಚಳಿ ದೇಶಗಳಲ್ಲಿ ಕಾರ್ನಿಯಾ ಹುಣ್ಣಾಗುವುದು ಹೆಚ್ಚಾಗಿ ಬ್ಯಾಕ್ಟೀರಿಯಾದಿಂದ, ಕಾಂಟ್ಯಾಕ್ಟ್ ಲೆನ್ಸಿನ ಅಜಾಗರೂಕತೆಯಿಂದ. 1990ರ ದಶಕದಲ್ಲಿ ಮಧುರೈಯಲ್ಲಿ ಎಣಿಸಿದಾಗ, ಪ್ರಯೋಗಾಲಯದಲ್ಲಿ ಸೂಕ್ಷ್ಮಜೀವಿ ಬೆಳೆದ ಹುಣ್ಣುಗಳಲ್ಲಿ ಸರಿಸುಮಾರು ಅರ್ಧದಷ್ಟಕ್ಕೆ ಶಿಲೀಂಧ್ರವೇ ಕಾರಣವಾಗಿತ್ತು. ಜಗತ್ತಿನಲ್ಲಿ ವರ್ಷಕ್ಕೆ 10 ಲಕ್ಷಕ್ಕೂ ಹೆಚ್ಚು ಕಣ್ಣುಗಳಿಗೆ ಇದು ತಗಲುತ್ತದೆಂದು 2021ರ ಅಂದಾಜೊಂದು ಹೇಳುತ್ತದೆ.

ಇದೆಲ್ಲ ಪುಸ್ತಕದಲ್ಲಿ ಓದಿಯೇ ಇಲ್ಲಿಗೆ ಬಂದಿದ್ದೆ. ಆದರೂ ಎರಡನೆಯ ವರ್ಷ ಎಡವಿದೆ. ನಲವತ್ತರ ಆಸುಪಾಸಿನ ಕೂಲಿಕಾರ. ಕಣ್ಣನ್ನು ಹಿಗ್ಗಿಸಿ ತೋರಿಸುವ ಸ್ಲಿಟ್ ಲ್ಯಾಂಪಿನಲ್ಲಿ ಕಂಡದ್ದು ಮೂರು ಮಿಲಿಮೀಟರಿನ ಬಿಳಿ ಮಚ್ಚೆ, ಸುತ್ತ ಕೆಂಪು. ಶಿಲೀಂಧ್ರದ ಹುಣ್ಣಿಗೆ ಹಕ್ಕಿಪುಕ್ಕದಂತೆ ಕೆದರಿದ ಅಂಚು ಇರುತ್ತದೆಂದು ಕಲಿತಿದ್ದೆ, ಇಲ್ಲಿ ಅದು ಕಾಣಲಿಲ್ಲ. ಬ್ಯಾಕ್ಟೀರಿಯಾ ಎಂದುಕೊಂಡು ಆ್ಯಂಟಿಬಯೋಟಿಕ್ ಹನಿ ಬರೆದೆ. ಮಾದರಿಯನ್ನು ನಗರದ ಪ್ರಯೋಗಾಲಯಕ್ಕೆ ಕಳಿಸಿ ಕೈತೊಳೆದುಕೊಂಡೆ. ಫ್ಯುಸೇರಿಯಂ ಎಂದು ಹನ್ನೊಂದನೆಯ ದಿನ ವರದಿ ಬಂತು. ಹತ್ತನೆಯ ದಿನವೇ ಕಾರ್ನಿಯಾ ತೂತುಬಿದ್ದಿತ್ತು. ಕಸಿ ಮಾಡಿಸಿ ಗುಡ್ಡೆ ಉಳಿಯಿತು. ದೃಷ್ಟಿ ಬೆಳಕು ಕತ್ತಲೆಯ ವ್ಯತ್ಯಾಸ ತಿಳಿಯುವಷ್ಟಕ್ಕೇ ನಿಂತಿತು. ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಹಳೆಯ ಮೈಕ್ರೋಸ್ಕೋಪ್ ಒಂದನ್ನು ಕೊಂಡು ನನ್ನ ಮೇಜಿನ ಪಕ್ಕದಲ್ಲೇ ಇಟ್ಟುಕೊಂಡೆ. ಬೇಕಾದದ್ದು ಹೆಚ್ಚೇನಿಲ್ಲ. ಕಣ್ಣು ಮರಗಟ್ಟಿಸುವ ಹನಿ, 15ನೇ ನಂಬರಿನ ಬ್ಲೇಡು, ಗಾಜಿನ ಸ್ಲೈಡು, ಶೇಕಡ 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್. ಹುಣ್ಣಿನ ಅಂಚಿನಿಂದಲೂ ತಳದಿಂದಲೂ ಕೆರೆಯಬೇಕು. ಮೇಲಿನ ಲೋಳೆಯನ್ನಷ್ಟೇ ಬಳಿದುಕೊಂಡರೆ ಏನೂ ಸಿಗದು. ಸ್ಲೈಡಿನ ಮೇಲೆ ದ್ರಾವಣದ ಒಂದು ಹನಿ ಬಿಟ್ಟು ಕೆಲವು ನಿಮಿಷ ಕಾದರೆ ಕಾರ್ನಿಯಾದ ಕೋಶಗಳು ಕರಗಿ ತಿಳಿಯಾಗುತ್ತವೆ. ಶಿಲೀಂಧ್ರದ ಗೋಡೆ ಗಟ್ಟಿ, ಅದು ಉಳಿದುಕೊಳ್ಳುತ್ತದೆ. ಬೆಳಕು ತಗ್ಗಿಸಿ ನೋಡಿದರೆ ಬೂದುಬಣ್ಣದ ಬಯಲಿನಲ್ಲಿ ಬಿದಿರುಕಡ್ಡಿಯಂತೆ ಗಿಣ್ಣುಗಿಣ್ಣಾದ ಎಳೆಗಳು, ಅಲ್ಲಲ್ಲಿ ಕವಲೊಡೆದು ಹಬ್ಬಿರುತ್ತವೆ. ರೋಗಿ ಇನ್ನೂ ಕುರ್ಚಿಯಲ್ಲೇ ಇರುವಾಗ ಉತ್ತರ ಕೈಯಲ್ಲಿರುತ್ತದೆ.

ಹೇಳಿದಷ್ಟು ಸುಲಭವಾಗಿ ಕೈಗೂಡಲಿಲ್ಲವೆನ್ನಿ. ಮೊದಲ ತಿಂಗಳು ನಾನು ಹುರುಪಿನಿಂದ ಕಂಡುಹಿಡಿದ ಶಿಲೀಂಧ್ರಗಳಲ್ಲಿ ಕೆಲವು ಹತ್ತಿಯ ನೂಲುಗಳಾಗಿದ್ದವು. ನಮ್ಮ ಲ್ಯಾಬಿನ ಹಿರಿಯ ತಂತ್ರಜ್ಞೆ ಕಣ್ಣಿಟ್ಟು ನೋಡಿ, "ಸಾರ್, ಇದು ನಿಮ್ಮ ಗಾಜ್ ಬಟ್ಟೆಯದು" ಎಂದರು. ನೂಲಿಗೆ ಗಿಣ್ಣಿಲ್ಲ, ಅಗಲ ಒಂದೇ ಸಮ ಇರುವುದಿಲ್ಲ, ಹಗ್ಗದಂತೆ ತಿರುಚಿಕೊಂಡಿರುತ್ತದೆ. ಅಂದಿನಿಂದ ಅನುಮಾನ ಬಂದ ಸ್ಲೈಡನ್ನು ಅವರಿಗೆ ತೋರಿಸದೆ ಔಷಧ ಬರೆಯುವುದಿಲ್ಲ. ಸ್ಲೈಡಿನಲ್ಲಿ ಏನೇ ಕಂಡರೂ ಸೂಕ್ಷ್ಮಜೀವಿ ಬೆಳೆಸುವ ಅಗಾರ್ ತಟ್ಟೆಯ ಮೇಲೂ ಗೀರಿಡುತ್ತೇನೆ. ಶಿಲೀಂಧ್ರದ ಜಾತಿ ತಿಳಿಯಲು ಅದೇ ಬೇಕು.

ಎಳೆ ಕಂಡದ್ದೆಲ್ಲ ಶಿಲೀಂಧ್ರವೂ ಅಲ್ಲ. ಕೆರೆಯಲ್ಲಿ ಈಜಿ ಬಂದ ಹುಡುಗನೊಬ್ಬನ ಹುಣ್ಣು ಎರಡು ವಾರ ಔಷಧ ಹಾಕಿದರೂ ಹಿಗ್ಗುತ್ತಲೇ ಹೋಯಿತು. ದೊಡ್ಡ ಆಸ್ಪತ್ರೆಗೆ ಕಳಿಸಿದೆ. ಅದು ಪೈಥಿಯಂ ಎಂದು ಅಲ್ಲಿಂದ ತಿಳಿದುಬಂತು. ನೀರಿನಲ್ಲಿ ಬದುಕುವ ಅದು ನೋಟಕ್ಕೆ ಬೂಷ್ಟಿನಂತಿದ್ದರೂ ಕುಲವೇ ಬೇರೆ. ನಮ್ಮ ಹನಿ ಗುರಿಯಿಡುವುದು ಶಿಲೀಂಧ್ರದ ಪೊರೆಯಲ್ಲಿರುವ ಎರ್ಗೋಸ್ಟೆರಾಲ್ ಎಂಬ ಕೊಬ್ಬಿನಂಥ ವಸ್ತುವಿಗೆ, ಅದು ಪೈಥಿಯಂನ ಪೊರೆಯಲ್ಲಿ ಇರುವುದಿಲ್ಲ. ಪೈಥಿಯಂಗೆ ಲಿನೆಜೋಲಿಡ್, ಅಜಿತ್ರೋಮೈಸಿನ್‌ನಂಥ ಆ್ಯಂಟಿಬಯೋಟಿಕ್ ಬೇಕು. ಈಗ ಗಿಣ್ಣು ವಿರಳವಾದ, ರಿಬ್ಬನ್ನಿನಂತೆ ಅಗಲವಾದ ಎಳೆ ಕಂಡರೆ ಕಿವಿ ನಿಮಿರುತ್ತದೆ.

ಶಿಲೀಂಧ್ರಕ್ಕೆ ಔಷಧವೆಂದರೆ ನಟಮೈಸಿನ್, ಶೇಕಡ 5ರ ಹನಿ. ಹೊಸತು ದುಬಾರಿಯಾದರೆ ಒಳ್ಳೆಯದೇ ಇರಬೇಕೆಂದು ನಾನೂ ಕೆಲಕಾಲ ವೊರಿಕೊನಜೋಲ್ ಬರೆದೆ. ದಕ್ಷಿಣ ಭಾರತದ 323 ರೋಗಿಗಳ ಮೇಲೆ ಇವೆರಡನ್ನೂ ಹೋಲಿಸಿ ನಡೆಸಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಗೆದ್ದದ್ದು ಹಳೆಯ ನಟಮೈಸಿನ್. ಫ್ಯುಸೇರಿಯಂ ತಗಲಿದವರಲ್ಲಂತೂ ದೃಷ್ಟಿ ಪರೀಕ್ಷೆಯ ಹಲಗೆಯಲ್ಲಿ ಅಂತರ ನಾಲ್ಕು ಸಾಲಿನಷ್ಟು. ನಾನು ಹಿಂದಿರುಗಿದೆ. ಆದರೆ ಅದರ ಕಾಟವೇ ಬೇರೆ. ಔಷಧ ತಳಕ್ಕೆ ಇಳಿದಿರುತ್ತದೆ, ಸೀಸೆ ಕುಲುಕದೆ ಹಾಕಿದರೆ ಬರಿ ನೀರು ಹಾಕಿದ ಹಾಗೆ. ಎಚ್ಚರವಿರುವಷ್ಟು ಹೊತ್ತೂ ಗಂಟೆಗೊಮ್ಮೆ ಹಾಕಬೇಕು, ವಾರಗಟ್ಟಲೆ. ಕೊಯ್ಲು ಬಿಟ್ಟು ಬಂದವರಿಗೆ ಇದನ್ನು ಹೇಳುವಾಗ ನನಗೇ ಸಂಕೋಚ. ಇನ್ನೊಂದು, ಔಷಧದ ಬಿಳಿ ಪುಡಿ ರೆಪ್ಪೆಯೊಳಗೆ ಮೆತ್ತಿಕೊಳ್ಳುತ್ತದೆ. ಒಬ್ಬ ಅಜ್ಜಿ ಅದನ್ನು ಕೀವು ಎಂದುಕೊಂಡು ಪ್ರತಿಸಲವೂ ಸೆರಗಿನಿಂದ ಶ್ರದ್ಧೆಯಾಗಿ ಒರೆಸುತ್ತಿದ್ದರು. ಈಗ ಮೊದಲ ಐದು ದಿನ ಒಳರೋಗಿಯಾಗಿ ಇರಿಸಿಕೊಳ್ಳುತ್ತೇನೆ. ಮನೆಗೆ ಹೋದಮೇಲೆ ಶಾಲೆಗೆ ಹೋಗುವ ಮೊಮ್ಮಗಳೋ ಮೊಮ್ಮಗನೋ ಇದ್ದರೆ ನೋಟ್‌ಬುಕ್ಕಿನಲ್ಲಿ ಗಂಟೆ ಬರೆದು ಗುರುತು ಹಾಕುವ ಕೆಲಸ ಅವರದು. ಆ ಮಕ್ಕಳಷ್ಟು ಕಟ್ಟುನಿಟ್ಟಾದ ನರ್ಸ್ ಬೇರೆ ಸಿಗುವುದಿಲ್ಲ.

ಫಲಿತಾಂಶ? ಮೂರು ನಾಲ್ಕು ದಿನದೊಳಗೆ ಸಣ್ಣ ಹುಣ್ಣಿನೊಂದಿಗೆ ಬಂದವರು ಸಾಮಾನ್ಯವಾಗಿ ತಿಂಗಳೊಪ್ಪತ್ತಿನಲ್ಲಿ ಗುಣವಾಗುತ್ತಾರೆ. ಕಲೆ ಉಳಿಯುತ್ತದೆ. ಊರಿನವರು "ಹೂವು ಬಿದ್ದಿದೆ" ಎನ್ನುವುದು ಅದನ್ನೇ. ಹೂವು ಅಂಚಿನಲ್ಲಿದ್ದರೆ ನೋಟಕ್ಕೆ ತೊಂದರೆ ಕಡಿಮೆ, ನಟ್ಟನಡುವೆ ಬಿದ್ದರೆ ಮುಖದ ಗುರುತೂ ಸಿಗದು. ಹುಣ್ಣು ಆಳಕ್ಕೆ ಇಳಿದ ಮೇಲೆ ಬಂದವರಿಗೆ ಹನಿ ತಳದವರೆಗೆ ತಲುಪುವುದೇ ಇಲ್ಲ. ಸಣ್ಣ ತೂತನ್ನು ಅಂಟು ಹಾಕಿ ಮುಚ್ಚಬಹುದು, ದೊಡ್ಡದಕ್ಕೆ ಕಸಿ. ಸೋಂಕಿರುವ ಕಣ್ಣಿಗೆ ಕೂರಿಸಿದ ಕಾರ್ನಿಯಾ ಬಹಳ ಸಲ ಮಸುಕಾಗುತ್ತದೆ. ಅದು ಗುಡ್ಡೆ ಉಳಿಸುವ ಶಸ್ತ್ರಚಿಕಿತ್ಸೆ, ದೃಷ್ಟಿಯ ಮಾತು ಆಮೇಲೆ.

ತಡವಾಗಿ ಬಂದವರ ಕೈಯಲ್ಲಿ ಬಹುತೇಕ ಒಂದು ಸೀಸೆ ಇರುತ್ತದೆ: ಆ್ಯಂಟಿಬಯೋಟಿಕ್ ಜೊತೆ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಬೆರೆತದ್ದು. ಎರಡು ದಿನ ಕೆಂಪು ಇಳಿಯುತ್ತದೆ, ನೋವು ತಗ್ಗುತ್ತದೆ, ಎಲ್ಲರಿಗೂ ಸಮಾಧಾನ. ಸ್ಟೀರಾಯ್ಡ್ ದೇಹದ ಕಾವಲನ್ನು ಮಲಗಿಸಿದ ಆ ಎರಡು ದಿನದಲ್ಲಿ ಶಿಲೀಂಧ್ರ ಬೇರುಬಿಡುತ್ತದೆ. ನಂದಿಬಟ್ಟಲು ರಸ, ಹರಳೆಣ್ಣೆ, ಎದೆಹಾಲಿನ ಮೇಲೂ ನನಗೆ ಸಿಟ್ಟಿದೆ. ಆದರೆ ಈ ಸೀಸೆಯ ಮೇಲಿರುವಷ್ಟಿಲ್ಲ. ಸುತ್ತಲಿನ ಔಷಧದ ಅಂಗಡಿಗಳಿಗೆ ನಾನೇ ಹೋಗಿ, ಚಹಾ ಕುಡಿದು, ಒಂದೇ ಒಂದು ಕೇಳಿಕೊಂಡೆ: ಗರಿ ತಾಗಿತು ಎಂದವರಿಗೆ ಇದನ್ನು ಕೊಡಬೇಡಿ. ಕೆಲವರು ಒಪ್ಪಿದರು. ಒಬ್ಬರು, "ನಾವು ಕೊಡದಿದ್ದರೆ ಪಕ್ಕದ ಅಂಗಡಿಯವರು ಕೊಡುತ್ತಾರೆ ಸಾರ್" ಎಂದು ಚಹಾದ ದುಡ್ಡನ್ನೂ ತಾವೇ ಕೊಟ್ಟರು.

ಆಶಾ ಕಾರ್ಯಕರ್ತೆಯರಿಗೆ ನಾನು ಹೇಳುವುದು ನೇಪಾಳದ ಭಕ್ತಪುರದ ಕಥೆ. ಅಲ್ಲಿ ಕಣ್ಣು ಗೀರಿದವರಿಗೆ ಹಳ್ಳಿಯ ಕಾರ್ಯಕರ್ತರೇ ಕ್ಲೋರಾಂಫೆನಿಕಾಲ್ ಎಂಬ ಆ್ಯಂಟಿಬಯೋಟಿಕ್ ಮುಲಾಮನ್ನು ದಿನಕ್ಕೆ ಮೂರು ಸಲದಂತೆ ಮೂರು ದಿನ ಹಚ್ಚಿದರು. ಗಾಯವಾಗಿ 18 ಗಂಟೆಯೊಳಗೆ ಬಂದವರಲ್ಲಿ ಒಬ್ಬರಿಗೂ ಹುಣ್ಣಾಗಲಿಲ್ಲ.

ಕಳೆದ ಸುಗ್ಗಿಯಲ್ಲಿ, ಹಿಂದಿನ ವರ್ಷ ನಾನು ಆರು ವಾರ ಚಿಕಿತ್ಸೆ ಕೊಟ್ಟಿದ್ದ ಹೆಣ್ಣುಮಗಳೊಬ್ಬಳು ಗಂಡನನ್ನು ಎಳೆದುಕೊಂಡು ಬಂದಳು. "ಬೆಳಿಗ್ಗೆ ಹೊಟ್ಟು ಬಿತ್ತು ಸಾರ್. ನೀರಲ್ಲಿ ತೊಳೆದದ್ದಷ್ಟೇ, ಏನೂ ಹಾಕಲು ಬಿಟ್ಟಿಲ್ಲ." ಬಣ್ಣ ಹಾಕಿ ನೀಲಿ ಬೆಳಕಿನಲ್ಲಿ ನೋಡಿದೆ, ಒಂದು ಮಿಲಿಮೀಟರಿನ ಹಸಿರು ಗೀರು. ಮುಲಾಮು ಬರೆದೆ, ಮರುದಿನ ಬಂದು ತೋರಿಸಲು ಹೇಳಿದೆ. ಕನ್ನಡಕ ಹಾಕಿಕೊಂಡು ಕೊಯ್ಲಿಗೆ ಇಳಿಯಿರಿ ಎಂದರೆ ಆತ ನಕ್ಕ. ಬೆವರಿಗೆ ಮಂಜಾಗುತ್ತದಂತೆ, ಕುಡುಗೋಲು ಎಲ್ಲಿ ಬೀಳುತ್ತದೆಂದು ಕಾಣುವುದಿಲ್ಲವಂತೆ. ಆ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ.