ಇಡ್ಲಿ ಹಿಟ್ಟಿನ ಡಬ್ಬಿಗೊಂದು ಉಷ್ಣಾಂಶ ಮಾಪಕ

ಡಿಸೆಂಬರ್ ಬಂತೆಂದರೆ ಬೆಂಗಳೂರಿನ ಮನೆಗಳಲ್ಲಿ ಹಿಟ್ಟು ಉಬ್ಬುವುದಿಲ್ಲವೆಂಬ ದೂರು ಶುರುವಾಗುತ್ತದೆ. 30 ಡಿಗ್ರಿಯ ಆಸುಪಾಸಿನಲ್ಲಿ ಚೆನ್ನಾಗಿ ಹುದುಗುವ ಇಡ್ಲಿ ಹಿಟ್ಟು, ರಾತ್ರಿ 15–16 ಡಿಗ್ರಿಗೆ ಇಳಿಯುವ ಈ ಊರಿನ ಚಳಿಯಲ್ಲಿ ಬೆಳಗಾದರೂ ರುಬ್ಬಿಟ್ಟ ಹಾಗೆಯೇ ಇರುತ್ತದೆ. ಡಬ್ಬಿಗೆ ಕಂಬಳಿ ಸುತ್ತುವುದು, ಬಿಸಿನೀರಿನ ಪಾತ್ರೆಯ ಪಕ್ಕದಲ್ಲಿಡುವುದು ಒಳ್ಳೆಯ ಉಪಾಯಗಳೇ. ಆದರೆ ಹಿಟ್ಟು ಎಷ್ಟು ಬೆಚ್ಚಗಿದೆ ಎಂಬುದೇ ತಿಳಿಯದಿದ್ದರೆ ಇಂದು ಫಲಿಸಿದ ಉಪಾಯ ನಾಳೆ ಕೈಕೊಡುತ್ತದೆ.

ಈ ತೊಡಕಿಗೆ ನಾನು ದಾರಿ ಕಂಡುಕೊಂಡದ್ದು ಮನೆಯಲ್ಲಿ ಬಿಯರ್ ತಯಾರಿಸುವ ಹೊರದೇಶದ ಹವ್ಯಾಸಿಗಳಿಂದ. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಪರವಾನಗಿಯಿಲ್ಲದೆ ನಾವು ಬಿಯರ್ ತಯಾರಿಸುವಂತಿಲ್ಲ. ಅವರ ಅಳತೆಯ ಕ್ರಮವನ್ನು ಕಲಿಯಲು ಮಾತ್ರ ಅಡ್ಡಿಯಿಲ್ಲ. ಏಲ್ ಬಗೆಯ ಬಿಯರನ್ನು ಸುಮಾರು 18ರಿಂದ 22 ಡಿಗ್ರಿಯೊಳಗೆ ಹುದುಗಿಸುತ್ತಾರೆ. ಯೀಸ್ಟ್ ಕೆಲಸ ಮಾಡುವಾಗ ತಾನೇ ಶಾಖವನ್ನು ಹೊರಬಿಡುವುದರಿಂದ ಪಾತ್ರೆಯೊಳಗಿನ ದ್ರವವು ಕೋಣೆಯ ಗಾಳಿಗಿಂತ ಕೆಲವು ಡಿಗ್ರಿ ಹೆಚ್ಚು ಬಿಸಿಯಾಗಿರಬಹುದು. ಆದ್ದರಿಂದ ಅವರು ಅಳೆಯುವುದು ಗಾಳಿಯನ್ನಲ್ಲ, ಪಾತ್ರೆಯನ್ನು.

ಬೇಕಾದ ಸಾಮಾನೆಲ್ಲ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್.ಪಿ. ರಸ್ತೆಯಲ್ಲಿ ಸಿಗುತ್ತದೆ: ಆರ್ಡುಯಿನೊ ಊನೊ ಎಂಬ, ಪ್ರೋಗ್ರಾಮ್ ಹಾಕಬಹುದಾದ ಒಂದು ಪುಟ್ಟ ಬೋರ್ಡ್, ಸ್ಟೀಲ್ ಕೊಳವೆಯೊಳಗೆ ಕೂರಿಸಿದ ಡಿಎಸ್18ಬಿ20 ಎಂಬ ಉಷ್ಣಾಂಶ ಸೆನ್ಸರ್, 4.7 ಕಿಲೋ ಓಮ್ ರೆಸಿಸ್ಟರ್, ಬೆಸುಗೆಯಿಲ್ಲದೆ ತಂತಿ ಸಿಕ್ಕಿಸಿ ಜೋಡಿಸುವ ಬ್ರೆಡ್‌ಬೋರ್ಡ್ ಮತ್ತು ಜಂಪರ್ ತಂತಿಗಳು. ಸೆನ್ಸರಿನ ಕೆಂಪು ತಂತಿಯನ್ನು ಆರ್ಡುಯಿನೊದ 5 ವೋಲ್ಟಿಗೂ, ಕಪ್ಪು ತಂತಿಯನ್ನು ಗ್ರೌಂಡಿಗೂ, ಹಳದಿಯನ್ನು 2ನೇ ಪಿನ್ನಿಗೂ ಜೋಡಿಸಿ, ಕೆಂಪು ಮತ್ತು ಹಳದಿಯ ನಡುವೆ ರೆಸಿಸ್ಟರನ್ನು ಸೇರಿಸಬೇಕು. ಕೆಲವು ಸೆನ್ಸರುಗಳಲ್ಲಿ ತಂತಿಯ ಬಣ್ಣ ಬೇರೆಯಿರುತ್ತದೆ, ಅಂಗಡಿಯಲ್ಲೇ ಕೇಳಿಕೊಳ್ಳಿ. ಕಂಪ್ಯೂಟರಿನ ಆರ್ಡುಯಿನೊ ತಂತ್ರಾಂಶದಲ್ಲಿ ಒನ್‌ವೈರ್ ಮತ್ತು ಡಲ್ಲಾಸ್ ಟೆಂಪರೇಚರ್ ಎಂಬ ಲೈಬ್ರರಿಗಳನ್ನು (ಸೆನ್ಸರನ್ನು ಓದುವ ಸಿದ್ಧ ಪ್ರೋಗ್ರಾಮ್ ಕಂತೆಗಳನ್ನು) ಹಾಕಿಕೊಂಡು, ಅವುಗಳ ಜೊತೆಗೇ ಬರುವ ಸರಳ ಮಾದರಿ ಪ್ರೋಗ್ರಾಮನ್ನು ಬೋರ್ಡಿಗೆ ಏರಿಸಿದರೆ ಪರದೆಯ ಮೇಲೆ ಅಂಕಿಗಳು ಮೂಡತೊಡಗುತ್ತವೆ.

ಆ ಅಂಕಿಗಳನ್ನು ಕೂಡಲೇ ನಂಬಬೇಡಿ. ಈ ಸೆನ್ಸರಿನ ನಿಖರತೆ ಅರ್ಧ ಡಿಗ್ರಿ ಹೆಚ್ಚು ಅಥವಾ ಕಡಿಮೆ ಎಂದಿದ್ದರೂ ನಕಲಿ ಮಾಲು ಬಹಳ. ನಾನು ಕೊಂಡ ಮೊದಲನೆಯದು ಎರಡು ಡಿಗ್ರಿ ಹೆಚ್ಚು ತೋರಿಸುತ್ತಿತ್ತು. ಒಂದು ಲೋಟದ ತುಂಬ ಪುಡಿ ಮಾಡಿದ ಐಸ್ ಹಾಕಿ, ಸಂದುಗಳು ತುಂಬುವಷ್ಟೇ ನೀರೆರೆದು, ಸೆನ್ಸರಿನ ತುದಿ ತಳಕ್ಕೆ ತಾಗದಂತೆ ಇಳಿಬಿಟ್ಟು, ಆಗಾಗ ಕಲಕುತ್ತ ಐದು ನಿಮಿಷ ಕಾಯಿರಿ. ಆಗ ಅದು ಸೊನ್ನೆ ತೋರಿಸಬೇಕು, 0.8 ತೋರಿಸಿದರೆ ಪ್ರೋಗ್ರಾಮಿನಲ್ಲಿ ಅಷ್ಟನ್ನು ಕಳೆಯಿರಿ. ಕುದಿಯುವ ನೀರಿನಲ್ಲಿ ಪರೀಕ್ಷಿಸುವವರು ಒಂದು ಸಂಗತಿ ನೆನಪಿಡಬೇಕು: ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವುದರಿಂದ ಇಲ್ಲಿ ನೀರು ಕುದಿಯುವುದು ಸುಮಾರು 97 ಡಿಗ್ರಿಗೆ. ಮಂಗಳೂರಿನಲ್ಲಿ 100 ತೋರಿಸುವ ಸೆನ್ಸರ್ ಇಲ್ಲಿ 97 ತೋರಿಸಿದರೆ ಅದು ಸರಿಯಾಗಿಯೇ ಇದೆ. ಅದನ್ನು ‘ಸರಿಪಡಿಸಲು’ ಹೋದರೆ ಮೂರು ಡಿಗ್ರಿಯ ತಪ್ಪನ್ನು ನಾವೇ ಸೇರಿಸಿದಂತಾಗುತ್ತದೆ.

ಸೆನ್ಸರನ್ನು ಹಿಟ್ಟಿನೊಳಗೆ ಮುಳುಗಿಸಬಾರದು, ಏಕೆಂದರೆ ಅದರ ಬಾಯಿಗೆ ಹಾಕಿರುವ ಅಂಟು ಆಹಾರಕ್ಕೆ ತಕ್ಕದ್ದೆಂಬ ಭರವಸೆಯಿಲ್ಲ. ಸ್ಟೀಲ್ ಡಬ್ಬಿಯ ಹೊರಮೈಗೆ, ಒಳಗೆ ಹಿಟ್ಟು ನಿಂತಿರುವ ಮಟ್ಟಕ್ಕಿಂತ ಕೆಳಗೆ, ಕೊಳವೆಯನ್ನು ಒತ್ತಿ ಹಿಡಿದು ಟೇಪ್ ಸುತ್ತಿ, ಅದರ ಮೇಲೆ ಅಂಗೈಯಗಲದ ದಪ್ಪ ಸ್ಪಂಜನ್ನು ಕಟ್ಟಿರಿ. ಈ ಸ್ಪಂಜನ್ನು ಬಿಟ್ಟರೆ ಸೆನ್ಸರ್ ಅರ್ಧ ಡಬ್ಬಿಯನ್ನೂ ಅರ್ಧ ಗಾಳಿಯನ್ನೂ ಅಳೆಯುತ್ತದೆ. ನಾನು ಮೊದಮೊದಲು ಅದನ್ನು ಒಲೆಯ ಕಟ್ಟೆಯ ಮೇಲೆ ಸುಮ್ಮನೆ ಇಟ್ಟು 27 ಡಿಗ್ರಿ ಎಂದು ನೆಮ್ಮದಿಯಿಂದಿದ್ದೆ. ಡಬ್ಬಿಗೆ ಕಟ್ಟಿದ ಮೇಲೆ ತಿಳಿಯಿತು, ಹಿಟ್ಟು 21ರಲ್ಲಿತ್ತು.

ಪರದೆಯಲ್ಲಿ −127 ಕಂಡರೆ ತಂತಿ ಎಲ್ಲೋ ಬಿಟ್ಟಿದೆ ಎಂದೂ, ಥಟ್ಟನೆ 85 ಕಂಡರೆ ಸೆನ್ಸರ್ ಇನ್ನೂ ಅಳತೆ ಮುಗಿಸಿಲ್ಲ ಅಥವಾ ವಿದ್ಯುತ್ ಸರಿಯಾಗಿ ತಲುಪುತ್ತಿಲ್ಲ ಎಂದೂ ಅರ್ಥ. ರಾತ್ರಿಯಿಡೀ ಕಂಪ್ಯೂಟರ್ ಹಚ್ಚಿಡಲು ಮನಸ್ಸಿಲ್ಲದವರು ಎರಡು ಸಾಲಿನ ಚಿಕ್ಕ ಎಲ್‌ಸಿಡಿ ಜೋಡಿಸಿ, ಬೋರ್ಡನ್ನು ಮೊಬೈಲ್ ಚಾರ್ಜರಿನಿಂದ ನಡೆಸಬಹುದು.

ಇನ್ನು ಡಬ್ಬಿಯನ್ನು ಥರ್ಮೋಕೋಲ್ ಪೆಟ್ಟಿಗೆಯಲ್ಲಿಟ್ಟು, ಪಕ್ಕದಲ್ಲಿ ಬಿಸಿನೀರಿನ ಬಾಟಲಿ ಇರಿಸಿ, ಮಲಗುವ ಮುನ್ನ ಅಂಕಿಯನ್ನೊಮ್ಮೆ ನೋಡಿ. 28ಕ್ಕಿಂತ ಕೆಳಗಿದ್ದರೆ ನೀರನ್ನು ಬದಲಿಸಿ. 33 ದಾಟಿದ್ದರೆ ಹಿಟ್ಟು ಬೇಗ ಹುಳಿಯಾಗುವುದರಿಂದ ಮುಚ್ಚಳವನ್ನು ಒಂದಿಷ್ಟು ಸರಿಸಿಡಿ.