ಸ್ಟಂಟ್ ಶೋ ನೋಡಿ ಬಂದು ಓಬವ್ವನ ನಾಟಕ ಕಟ್ಟಿದ್ದು

ರಾಮೋಜಿ ಫಿಲ್ಮ್ ಸಿಟಿಗೆ ಹೊರಟವರು ಯಾರಾದರೂ ಸಿಕ್ಕರೆ ನಾನು ಹೇಳುವುದು ಒಂದೇ. ಒಳಗೆ ಹೋದ ತಕ್ಷಣ ಯಾವ ಶೋ ಎಷ್ಟು ಗಂಟೆಗೆ ಅಂತ ಕೇಳಿಕೊಳ್ಳಿ. ಉಳಿದದ್ದೆಲ್ಲ ಆಮೇಲೆ. ಜಗತ್ತಿನ ಅತಿ ದೊಡ್ಡ ಫಿಲ್ಮ್ ಸ್ಟುಡಿಯೋ ಅಂತ ಗಿನ್ನೆಸ್ ದಾಖಲೆ ಇರುವ ಜಾಗ ಅದು. 1996ರಲ್ಲಿ ಶುರುವಾದದ್ದು. ಒಳಗೆ ಸುತ್ತಾಡಿಸುವುದೂ ಅವರದೇ ಬಸ್ಸು. ಉದ್ಯಾನದಲ್ಲಿ ಫೋಟೋ ತೆಗೆಯುತ್ತಾ ನಿಂತರೆ ಇನ್ನೊಂದು ಕಡೆ ಶೋ ಮುಗಿದೇ ಹೋಗಿರುತ್ತದೆ. ಸೆಟ್ಟುಗಳು ಎಲ್ಲೂ ಹೋಗಲ್ಲ, ಸಂಜೆಯೂ ಅಲ್ಲೇ ಇರುತ್ತವೆ.

ನಾನು ಚಿತ್ರದುರ್ಗದ ಹತ್ತಿರ ಒಂದು ಹೈಸ್ಕೂಲಿನಲ್ಲಿ ಮೇಷ್ಟ್ರು. ಪಾಠದ ಜೊತೆಗೆ ವಾರ್ಷಿಕೋತ್ಸವದ ನಾಟಕವೂ ನನ್ನ ತಲೆಗೇ ಕಟ್ಟಿದ್ದಾರೆ. ಆ ವರ್ಷ ಒನಕೆ ಓಬವ್ವನ ನಾಟಕ ಅಂತ ಮೊದಲೇ ತೀರ್ಮಾನವಾಗಿತ್ತು. ನಮ್ಮ ಕಡೆ ಅದೇನು ಹೊಸದಲ್ಲ. 2021ರಿಂದ ನವೆಂಬರ್ 11ಕ್ಕೆ ಸರ್ಕಾರವೇ ಓಬವ್ವ ಜಯಂತಿ ಮಾಡುತ್ತಿದೆ. ಆದರೆ ಶಾಲೆಯ ನಾಟಕಗಳಲ್ಲಿ ಆ ಮುಖ್ಯ ದೃಶ್ಯ ಬಂದಾಗಲೇ ಜನ ನಗುತ್ತಾರೆ. ಹುಡುಗಿ ಒನಕೆ ಎತ್ತುತ್ತಾಳೆ, ಪಾಪ ಹುಡುಗನಿಗೆ ತಾಗೀತು ಅಂತ ಮೆಲ್ಲಗೆ ಇಳಿಸುತ್ತಾಳೆ, ಅವನು ಸ್ವಲ್ಪ ಯೋಚಿಸಿ ಸಾಯುತ್ತಾನೆ.

ಡಿಸೆಂಬರಿನಲ್ಲಿ ಮಕ್ಕಳ ಟೂರ್ ಹೈದರಾಬಾದಿಗೆ ಹೊರಟಿತು. ಚಳ್ಳಕೆರೆ, ಬಳ್ಳಾರಿ, ರಾಯಚೂರು ದಾಟಿಕೊಂಡು ರಾತ್ರಿಯೆಲ್ಲ ಬಸ್ಸು. ಫಿಲ್ಮ್ ಸಿಟಿ ಇರುವುದು ಹೈದರಾಬಾದಿನ ಆ ಕಡೆ, ವಿಜಯವಾಡ ರಸ್ತೆಯಲ್ಲಿ. ನಮ್ಮ ಕಡೆಯಿಂದ ಹೋಗುವವರು ಊರು ದಾಟುವ ಹೊತ್ತನ್ನೂ ಲೆಕ್ಕಕ್ಕೆ ಹಿಡಿದುಕೊಳ್ಳಬೇಕು.

ಅಲ್ಲಿ ಸ್ಟೇಜ್ ಶೋಗಳು ಹಲವು ಇವೆ. ಡ್ಯಾನ್ಸ್ ಶೋ ಚೆನ್ನಾಗಿತ್ತು, ಬಣ್ಣ, ಬೆಳಕು, ಸಂಗೀತ ಎಲ್ಲ ಜೋರು. ನಾನು ಕಾದು ಕೂತಿದ್ದು ವೈಲ್ಡ್ ವೆಸ್ಟ್ ಸ್ಟಂಟ್ ಶೋಗೆ. ಕೌಬಾಯ್ ಊರಿನ ಸೆಟ್ಟು, ಮರದ ಮನೆಗಳು, ಟೋಪಿ, ಪಿಸ್ತೂಲು. ಕಥೆ ಅಂತ ದೊಡ್ಡದೇನಿಲ್ಲ. ಹೊಡೆದಾಟ, ಗುಂಡಿನ ಸದ್ದು, ಮೇಲಿಂದ ಬೀಳುವುದು, ನಡುನಡುವೆ ತಮಾಷೆ. ಮಕ್ಕಳು ಮುಂದಿನ ಸಾಲಿಗೆ ಓಡಿದರು. ನಾನು ನಾಟಕಕ್ಕೆ ಆರಿಸಿದ್ದ ಹುಡುಗರನ್ನು ಕರೆದುಕೊಂಡು ಮಧ್ಯದಲ್ಲಿ, ಸ್ವಲ್ಪ ಮೇಲೆ ಕೂತೆ. ಮುಂದೆ ಕೂತರೆ ಒಬ್ಬ ನಟ ಮಾತ್ರ ಕಾಣುತ್ತಾನೆ. ಸ್ಟಂಟಿನಲ್ಲಿ ಯಾವತ್ತೂ ಇಬ್ಬರನ್ನೂ ಒಟ್ಟಿಗೆ ನೋಡಬೇಕು.

ಹುಡುಗರಿಗೆ ಒಂದು ಕೆಲಸ ಕೊಟ್ಟಿದ್ದೆ. "ಹೊಡೆಯೋನನ್ನ ನೋಡಬೇಡ್ರೋ, ಏಟು ತಿನ್ನೋನನ್ನೇ ನೋಡಿ."

ಸ್ವಲ್ಪ ಹೊತ್ತಿಗೇ ಒಬ್ಬ ನನ್ನ ತೋಳು ಹಿಡಿದು ಅಲ್ಲಾಡಿಸಿದ. "ಸಾರ್, ಅವನು ಏಟು ಬೀಳೋಕೆ ಮುಂಚೆನೇ ಹೊರಟುಬಿಟ್ಟ!"

ಇಡೀ ವಿದ್ಯೆ ಇರುವುದು ಅಲ್ಲೇ. ಮುಷ್ಟಿ ಮುಖದ ಹತ್ತಿರವೂ ಬಂದಿರುವುದಿಲ್ಲ. ನಡುವೆ ಚೆನ್ನಾಗಿಯೇ ಜಾಗ ಇರುತ್ತದೆ. ಆ ಜಾಗ ನಮಗೆ ಕಾಣದ ಹಾಗೆ ಇಬ್ಬರೂ ಓರೆಯಾಗಿ ನಿಂತಿರುತ್ತಾರೆ. ಕುತ್ತಿಗೆ ತಿರುಗಿಸುವುದು, ಹಿಂದಕ್ಕೆ ಹಾರುವುದು, ಬೀಳುವುದು ಎಲ್ಲ ಏಟು ತಿನ್ನುವವನ ಕೆಲಸ. ಯಾವಾಗ ಹೊಡೆಯಬೇಕು ಅನ್ನುವ ಸನ್ನೆಯನ್ನೂ ಅವನೇ ಕಣ್ಣಲ್ಲಿ ಕೊಡುತ್ತಾನೆ. ರೆಡಿ ಇಲ್ಲದವನ ಮೇಲೆ ಕೈ ಬೀಸುವ ಹಾಗಿಲ್ಲ. ಬೀಳುವಾಗಲೂ ಕೈ ಊರುವುದಿಲ್ಲ, ಮಣಿಕಟ್ಟು ಹೋಗುತ್ತದೆ. ಮಂಡಿ ಮಡಿಸಿ, ಗದ್ದ ಎದೆಗೆ ಒತ್ತಿಕೊಂಡು, ಕುಂಡಿಯಿಂದ ಬೆನ್ನಿಗೆ ಉರುಳುತ್ತಾರೆ.

ಸದ್ದಿನ ಗುಟ್ಟು ಸಿಕ್ಕಿದ್ದು ಇನ್ನೊಂದು ಶೋನಲ್ಲಿ. ಸಿನಿಮಾ ಹೇಗೆ ತೆಗೆಯುತ್ತಾರೆ ಅಂತ ತೋರಿಸುವ ಕಡೆ, ನೋಡಲು ಬಂದವರಲ್ಲೇ ಒಬ್ಬರನ್ನು ಕರೆದು ನಿಂತ ಟಾಂಗಾ ಮೇಲೆ ಕೂರಿಸುತ್ತಾರೆ. ಇನ್ನೂ ಕೆಲವರನ್ನು ಕರೆದು ಸದ್ದು ಮಾಡಿಸುತ್ತಾರೆ. ಎರಡನ್ನೂ ಸೇರಿಸಿ ಪರದೆ ಮೇಲೆ ತೋರಿಸಿದಾಗ ನಿಂತ ಗಾಡಿ ದಡದಡ ಓಡುತ್ತಿರುತ್ತದೆ. ಕಣ್ಣು ಕಂಡದ್ದನ್ನು ಕಿವಿ ಹೇಳಿದ ಹಾಗೆ ನಂಬುತ್ತದೆ, ಅಲ್ವಾ?

ಊರಿಗೆ ಬಂದ ಮೇಲೆ ಮೊದಲು ಮಕ್ಕಳನ್ನು ಕೋಟೆಗೆ ಕರೆದುಕೊಂಡು ಹೋದೆ. ತಣ್ಣೀರು ದೋಣಿ ಅನ್ನುವ ನೀರಿನ ತಾಣ, ಓಬವ್ವನ ಕಿಂಡಿ. ಕಾವಲುಗಾರ ಗಂಡ ಊಟಕ್ಕೆ ಕೂತಿದ್ದಾಗ ನೀರಿಗೆ ಹೋದ ಓಬವ್ವ, ಕಿಂಡಿಯಲ್ಲಿ ನುಸುಳುತ್ತಿದ್ದ ಹೈದರನ ಸೈನಿಕರನ್ನು ಕಂಡಳು ಅನ್ನುವ ಕಥೆ ಅವರಿಗೆ ಬಾಯಿಪಾಠ. ಆದರೆ ಆ ಇಕ್ಕಟ್ಟಿನಲ್ಲಿ ನುಸುಳಿ ನೋಡಿದಾಗಲೇ ಒಂದು ವಿಷಯ ಗೊತ್ತಾಗುವುದು. ಒಬ್ಬೊಬ್ಬರಾಗಿಯೇ ಬರಬೇಕು, ಬಗ್ಗಿಯೇ ಬರಬೇಕು. ಕತ್ತಿ ಎತ್ತಲು ಜಾಗವೇ ಇಲ್ಲ. ಹಾಗಾಗಿ ನಾಟಕದಲ್ಲೂ ಕಿಂಡಿಯನ್ನು ಚಿಕ್ಕದಾಗಿಯೇ ಇಟ್ಟೆವು. ಬಿದಿರಿನ ಚೌಕಟ್ಟು, ಗೋಣಿಚೀಲ, ಮೇಲೆ ಬಂಡೆಯ ಬಣ್ಣ. ಜನರ ಕಡೆಗೆ ನೇರವಾಗಿ ಇಡದೆ ಓರೆಯಾಗಿ ಇಟ್ಟೆವು. ಒನಕೆ ಬೀಳುವುದು ಸೈನಿಕನ ತಲೆಯಿಂದ ಒಂದು ಮೊಳ ಆಚೆ, ಮಡಿಸಿಟ್ಟ ಹಳೇ ಹತ್ತಿ ಹಾಸಿಗೆಯ ಮೇಲೆ. ಮುಂದೆ ಕೂತವರಿಗೆ ತಲೆಗೇ ಬಿದ್ದಂತೆ ಕಾಣುತ್ತದೆ.

ಒನಕೆ ಮಾಡಿದ್ದು ಪಿವಿಸಿ ಪೈಪಿನಿಂದ. ಸುತ್ತ ಸ್ಪಂಜ್, ಮೇಲೆ ಬಟ್ಟೆ, ಅದಕ್ಕೆ ಕಂದು ಬಣ್ಣ. ಆದರೆ ಹಗುರ ಒನಕೆಯನ್ನು ಹಗುರವಾಗಿಯೇ ಎತ್ತಿದರೆ ಜನಕ್ಕೆ ಗೊತ್ತಾಗಿಬಿಡುತ್ತದೆ. ಅದಕ್ಕೆ ಓಬವ್ವನ ಪಾತ್ರದ ಹುಡುಗಿ ಶುರುವಿನಲ್ಲಿ ನಿಜವಾದ ಒನಕೆ ಹಿಡಿದೇ ಅಭ್ಯಾಸ ಮಾಡಿದಳು. ಒಂದು ಮನೆಯ ಅಟ್ಟದಲ್ಲಿ ಸಿಕ್ಕಿತ್ತು. ಎದುರಿಗೆ ಯಾರನ್ನೂ ನಿಲ್ಲಿಸದೆ, ಸುಮ್ನೆ ಎತ್ತಿ ಇಳಿಸುವುದು. ಸೊಂಟ ಹೇಗೆ ಹಿಂದಕ್ಕೆ ಹೋಗುತ್ತದೆ, ಉಸಿರು ಎಲ್ಲಿ ಬಿಡಬೇಕು ಅಂತ ಮೈಗೆ ಹತ್ತಿದ ಮೇಲೆ ಪೈಪಿನ ಒನಕೆ ಕೊಟ್ಟೆ. ತೂಕ ಅವಳ ಮೈಯಲ್ಲೇ ಉಳಿದುಕೊಂಡಿತು.

ಸದ್ದಿಗೆ ಒಬ್ಬ ಹುಡುಗ, "ಒಬ್ಬೊಬ್ಬ ಸೈನಿಕನಿಗೂ ಒಂದು ತೆಂಗಿನಕಾಯಿ ಒಡೆಯೋಣ ಸಾರ್" ಅಂದ. ಈಗಿನ ರೇಟಿನಲ್ಲಿ ಹೈದರನ ಸೈನ್ಯ ಮುಗಿಸುವ ಹೊತ್ತಿಗೆ ನನ್ನ ಸಂಬಳ ಮುಗಿದಿರುತ್ತಿತ್ತು. ಕೊನೆಗೆ ಪರದೆ ಹಿಂದೆ ಮರಳು ತುಂಬಿದ ಚೀಲ ಇಟ್ಟು, ಆ ನಿಜವಾದ ಒನಕೆಯಿಂದಲೇ ಕುಟ್ಟಿಸಿದೆವು, ಪಕ್ಕದಲ್ಲಿ ಒಂದು ಮೈಕು. ಸನ್ನೆ ಮಾತ್ರ ಸ್ಟಂಟ್ ಶೋದ ಲೆಕ್ಕದಲ್ಲಿ, ಏಟು ತಿನ್ನುವವನದೇ. ಸೈನಿಕ ಕಿಂಡಿಯಿಂದ ತಲೆ ಹೊರಗೆ ಹಾಕಿ ಬಲ ಅಂಗೈಯನ್ನು ನೆಲಕ್ಕೆ ಒತ್ತಬೇಕು. ಅಂಗೈ ಒತ್ತಿದರೆ ನಾನು ರೆಡಿ ಅಂತ ಅರ್ಥ. ಓಬವ್ವನೂ ಆ ಅಂಗೈ ನೋಡಬೇಕು, ಮರಳು ಕುಟ್ಟುವವನೂ ಅದನ್ನೇ ನೋಡಬೇಕು. ಮೂರೂ ಕೂಡಿದಾಗ ಸೈನಿಕ ಅಕ್ಕಿಮೂಟೆ ಜಾರಿದ ಹಾಗೆ ಕುಸಿಯುತ್ತಿದ್ದ.

ನಮ್ಮಲ್ಲಿ ಸೈನಿಕರು ಕಡಿಮೆ. ಓಬವ್ವ ಹೆಣ ಎಳೆದು ಪಕ್ಕಕ್ಕೆ ಹಾಕುವುದು ಕಥೆಯಲ್ಲೇ ಇದೆ, ಅದೇ ಅನುಕೂಲವಾಯಿತು. ಪಕ್ಕಕ್ಕೆ ಎಳೆಸಿಕೊಂಡವನು ಪರದೆ ಹಿಂದೆ ಎದ್ದು, ರುಮಾಲಿನ ಬಣ್ಣ ಬದಲಿಸಿ, ಮತ್ತೆ ಕಿಂಡಿಯ ಸಾಲಿನಲ್ಲಿ ನಿಲ್ಲುತ್ತಿದ್ದ.

ವಾರ್ಷಿಕೋತ್ಸವದ ದಿನ ಮೊದಲ ಏಟಿಗೆ ಹೆಂಗಸರ ಕಡೆಯಿಂದ "ಅಯ್ಯೋ ಶಿವನೇ" ಅಂತ ಕೇಳಿಸಿತು. ಯಾರೂ ನಗಲಿಲ್ಲ. ಒಬ್ಬ ಸೈನಿಕನ ತಾಯಿಯಂತೂ ಪರದೆ ಹಿಂದಕ್ಕೇ ಬಂದು ಮಗನ ತಲೆ ಸವರಿ ನೋಡಿದರು. ಅವನಿಗೆ ಇನ್ನೊಂದು ಸಲ ಸಾಯುವುದು ಬಾಕಿ ಇತ್ತು. "ಅಮ್ಮಾ, ಬಿಡಮ್ಮ, ಲೇಟಾಗ್ತದೆ" ಅಂತ ಕೊಸರಿಕೊಂಡು ಓಡಿದ.

ಈ ವರ್ಷವೂ ಅದೇ ನಾಟಕ ಬೇಕಂತೆ. ಓಬವ್ವನ ಪಾತ್ರಕ್ಕೆ ಪೈಪೋಟಿ ಇಲ್ಲ, ಬೀಳುವ ಪಾತ್ರಕ್ಕೇ ಜಗಳ. ಹೆಣ್ಣುಮಕ್ಕಳೂ ಸೈನಿಕರಾಗುತ್ತೇವೆ ಅಂತ ಹಟ ಹಿಡಿದಿದ್ದಾರೆ. ಆಗಲಿ ಅಂದಿದ್ದೇನೆ. ಮೀಸೆ ಅಂಟಿಸಲು ಒಳ್ಳೆಯ ಗೋಂದು ಬೇಕು, ಉರುಳುವಾಗ ಕಿತ್ತು ಬರಬಾರದು.