ಬ್ಯಾಟಿನ ಬೀಸು: ಹನ್ನೊಂದು ಸೆಂಟಿಮೀಟರಿನಿಂದ ಹನ್ನೆರಡಕ್ಕೆ

ಕೊಪ್ಪಳದ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಣ ಶಿಕ್ಷಕನಾಗಿರುವ ನಾನು ಕಾಲೇಜಿನಲ್ಲಿ ಸಾಫ್ಟ್‌ಬಾಲನ್ನೂ ಅನಂತರ ಕೆಲವು ವರ್ಷ ಬೇಸ್‌ಬಾಲನ್ನೂ ಆಡಿದವನು. ಮೂವತ್ತೆಂಟನೆಯ ವಯಸ್ಸಿನಲ್ಲಿ ಗೆಳೆಯರ ಬೇಸ್‌ಬಾಲ್ ತಂಡಕ್ಕಾಗಿ ಮತ್ತೆ ಬ್ಯಾಟು ಹಿಡಿದಾಗ ಚೆಂಡು ತಾಗುತ್ತಿತ್ತೇ ಹೊರತು ಇನ್‌ಫೀಲ್ಡ್, ಅಂದರೆ ಬೇಸುಗಳಿರುವ ಒಳಮೈದಾನ, ದಾಟುತ್ತಿರಲಿಲ್ಲ. ಕಣ್ಣು ಸರಿಯಾಗಿತ್ತು, ಬೀಸಿನಲ್ಲಿ ವೇಗವಿರಲಿಲ್ಲ. ಈ ಆಟದಲ್ಲಿ ಅದು ಸಣ್ಣ ಕೊರತೆಯಲ್ಲ: ಚೆಂಡೆಸೆಯುವವನ, ಅಂದರೆ ಪಿಚರ್‌ನ, ಎಸೆತದ ವೇಗ ಗಂಟೆಗೆ ಒಂದು ಕಿಲೋಮೀಟರ್ ಹೆಚ್ಚಿದರೆ ಬ್ಯಾಟಿನಿಂದ ಹೊರಡುವ ಚೆಂಡಿಗೆ ಸಿಗುವುದು ಸುಮಾರು 0.2 ಕಿಲೋಮೀಟರ್ ಮಾತ್ರ. ಬೀಸಿನ ವೇಗ ಅಷ್ಟೇ ಹೆಚ್ಚಿದರೆ ಸಿಗುವುದು ಸುಮಾರು 1.2 ಕಿಲೋಮೀಟರ್.

ಮೊದಲು ನಾನು ಮಾಡಿದ್ದು ಗರಡಿಮನೆಯ ಲೆಕ್ಕಾಚಾರ. ಭಾರವಾದ ಗದೆಯನ್ನು ತಿರುಗಿಸಿದವನ ಕೈಗೆ ಹಗುರವಾದದ್ದು ತಾನಾಗಿ ಹಾರುತ್ತದೆ ಎಂದು ನಂಬಿ, ಹಳೆಯ ಬ್ಯಾಟೊಂದರ ತುದಿಗೆ ಕಬ್ಬಿಣದ ಪಟ್ಟಿ ಬಿಗಿಸಿ, ಅದರ ತೂಕವನ್ನು ಒಂದೂವರೆ ಕಿಲೋಗೆ ಏರಿಸಿ, ದಿನಕ್ಕೆ ಇನ್ನೂರು ಸಲದಂತೆ ಎರಡು ತಿಂಗಳು ಬೀಸಿದೆ. ಅದನ್ನು ಕೆಳಗಿಟ್ಟು ಆಟದ ಬ್ಯಾಟನ್ನು ಎತ್ತಿದಾಗ ಅದು ಹುಲ್ಲುಕಡ್ಡಿಯಂತೆ ಅನಿಸುತ್ತಿತ್ತು, ನಾನು ಮೋಸಹೋದದ್ದು ಅಲ್ಲೇ. ಆಟಗಾರರು ಸರದಿಗೆ ಮುನ್ನ ಬ್ಯಾಟಿಗೆ ಭಾರದ ಬಳೆ ತೊಡಿಸಿ ಬೀಸುತ್ತಾರಲ್ಲ, ಅದರ ಮೇಲೆ ನಡೆದ ಅಧ್ಯಯನಗಳು ತೋರಿಸಿದ್ದೂ ಇದನ್ನೇ: ಬ್ಯಾಟು ಹಗುರವೆನಿಸುತ್ತದೆ, ಬೀಸು ಮಾತ್ರ ನಿಧಾನವಾಗಿರುತ್ತದೆ. ಕೊನೆಗೆ ಎಡಪಕ್ಕೆಯ ಸ್ನಾಯು ಉಳುಕಿ, ಸೀನಿದರೂ ಕಣ್ಣಲ್ಲಿ ನೀರು ಬರುವಂತಾಗಿ, ಮೂರು ವಾರ ಸುಮ್ಮನೆ ಕೂತೆ.

ಆ ಮೂರು ವಾರಗಳಲ್ಲಿ ಅಳತೆಯ ದಾರಿಯೊಂದನ್ನು ಹುಡುಕಿಕೊಂಡೆ. ಬ್ಯಾಟಿಗೆ ಸಿಕ್ಕಿಸುವ ಸೆನ್ಸರ್ ನನ್ನ ಬಳಿ ಇರಲಿಲ್ಲ. ಸೆಕೆಂಡಿಗೆ 240 ಚಿತ್ರ ತೆಗೆಯುವ ಫೋನ್ ಇತ್ತು. ಬ್ಯಾಟಿನ ತುದಿಯಿಂದ 15 ಸೆಂಟಿಮೀಟರ್ ಕೆಳಗೆ, ಅಂದರೆ ಚೆಂಡು ಚೆನ್ನಾಗಿ ಕೂರುವ ಜಾಗದಲ್ಲಿ, ಬಿಳಿ ಟೇಪು ಸುತ್ತಿದೆ. ಫೋನನ್ನು ಕ್ರೀಡಾ ಕೊಠಡಿಯ ಮಾಳಿಗೆಯಿಂದ ನೇರ ಕೆಳಗೆ ನೋಡುವಂತೆ ಕಟ್ಟಿದೆ. ಚೆಂಡಿಗೆ ತಾಗುವ ಮೊದಲಿನ ಎರಡು ಚಿತ್ರಗಳ ನಡುವೆ ಟೇಪು ಎಷ್ಟು ಸರಿಯಿತು ಎಂಬುದನ್ನು, 84 ಸೆಂಟಿಮೀಟರ್ ಉದ್ದದ ಬ್ಯಾಟನ್ನೇ ಅಳತೆಗೋಲಾಗಿಸಿಕೊಂಡು ಲೆಕ್ಕಹಾಕಿದೆ. 11 ಸೆಂಟಿಮೀಟರ್ ಬಂತು. ಗಂಟೆಗೆ ಸುಮಾರು 95 ಕಿಲೋಮೀಟರ್. ಅಮೆರಿಕದ ವೃತ್ತಿಪರ ಬೇಸ್‌ಬಾಲಿನ ಮೇಜರ್ ಲೀಗ್ 2024ರಲ್ಲಿ ಬೀಸಿನ ವೇಗದ ಅಂಕಿಗಳನ್ನು ಪ್ರಕಟಿಸತೊಡಗಿದಾಗ ಅಲ್ಲಿನ ಸರಾಸರಿ ಸುಮಾರು 116, ಅಲ್ಲಿನ ಅತಿ ವೇಗದ ಬೀಸಿನ ಆಟಗಾರ ಜಿಯಾನ್‌ಕಾರ್ಲೊ ಸ್ಟಾಂಟನ್ ಅವರದು ಸುಮಾರು 130. ನನ್ನ ಅಳತೆಯಲ್ಲಿ ತಪ್ಪಿರಬಹುದು. ಆದರೆ ಪ್ರತಿ ಸಲವೂ ಅದೇ ತಪ್ಪಾದ್ದರಿಂದ ಹೋಲಿಕೆಗೆ ಸಾಲುತ್ತಿತ್ತು.

ನಿಜವಾದ ಪಾಠ ಹೇಳಿದವನು ಫೋನು ನೋಡಿಕೊಳ್ಳುತ್ತಿದ್ದ ಒಂಬತ್ತನೆಯ ತರಗತಿಯ ಹುಡುಗ. "ಸರ್, ಎಂಟು ಬೀಸು ಆದ್ಮ್ಯಾಲೆ ನಿಮ್ಮ ಬ್ಯಾಟು ಮೆತ್ತಗಾಗಾಕತ್ತೇತ್ರಿ" ಎಂದ. ನೋಡಿದರೆ ಹೌದು: ಮೊದಲ ಆರೇಳು ಬೀಸುಗಳ ಬಳಿಕ ಟೇಪಿನ ಜಿಗಿತ ಕುಗ್ಗುತ್ತಾ ಹೋಗಿತ್ತು. ಹಾಗಿದ್ದರೆ ದಿನಕ್ಕೆ ಇನ್ನೂರು ಸಲ ಬೀಸುತ್ತಾ ನಾನು ದೇಹಕ್ಕೆ ಕಲಿಸಿದ್ದು ನಿಧಾನವಾಗಿ ಬೀಸುವುದನ್ನೇ.

ಗವಿಮಠದ ಜಾತ್ರೆ ಮುಗಿದ ಮೇಲೆ ಹೊಸ ಕ್ರಮ ಆರಂಭಿಸಿದೆ. ವಾರಕ್ಕೆ ಮೂರೇ ದಿನ, ದಿನಕ್ಕೆ ಮೂವತ್ತೇ ಬೀಸು. ಆದರೆ ಒಂದೊಂದೂ ಮೈಯಲ್ಲಿರುವ ಶಕ್ತಿಯನ್ನೆಲ್ಲ ಹಾಕಿ, ಐದಕ್ಕೊಮ್ಮೆ ಎರಡು ನಿಮಿಷ ವಿರಾಮ ಕೊಟ್ಟು. ನನ್ನ ಬ್ಯಾಟು 850 ಗ್ರಾಂ. ಶಾಲೆಯ ಕಿಟ್‌ನಲ್ಲಿದ್ದ ಸಾಫ್ಟ್‌ಬಾಲ್ ಬ್ಯಾಟು 740 ಗ್ರಾಂ ತೂಗಿತು, ಅದು ಹಗುರದ್ದಾಯಿತು. ಇನ್ನೊಂದಕ್ಕೆ ಹಳೆಯ ಸೈಕಲ್ ಟ್ಯೂಬನ್ನು ಸೀಳಿ ಸುತ್ತಿ 950ಕ್ಕೆ ತಂದೆ. ಟ್ಯೂಬನ್ನು ಎಲ್ಲಿ ಸುತ್ತುತ್ತೇವೆ ಎಂಬುದು ಎಷ್ಟು ಸುತ್ತುತ್ತೇವೆ ಎಂಬುದಕ್ಕಿಂತ ಮುಖ್ಯ: ಹಿಡಿಯಿಂದ 35 ಸೆಂಟಿಮೀಟರಿನಲ್ಲಿರುವ ನೂರು ಗ್ರಾಂ 70ಕ್ಕೆ ಸರಿದರೆ ತಿರುಗಿಸುವಾಗ ಅದು ಒಡ್ಡುವ ಜಡತ್ವ ನಾಲ್ಕು ಪಟ್ಟಾಗುತ್ತದೆ. ತುದಿಗೆ ಸುತ್ತಿದ ದಿನ ನನ್ನ ಬೀಸಿನ ದಾರಿಯೇ ಬದಲಾಗಿ ಹಿಂದಿನ ಭುಜ ಕುಸಿಯುತ್ತಿತ್ತು. ನಡುಭಾಗಕ್ಕೆ ತಂದ ಮೇಲೆ ಸರಿಹೋಯಿತು. ಭಾರದ್ದು, ಹಗುರದ್ದು, ಆಟದ್ದು ಎಂಬ ಸರದಿಯಲ್ಲಿ ಐದೈದು ಬೀಸು, ಎರಡು ಸುತ್ತು.

ಆದರೆ ವೇಗ ಹುಟ್ಟುವುದು ಕೈಯಲ್ಲಲ್ಲ. ನಮ್ಮ ಕಡೆ ಜೋಳದ ಹೊಲದಲ್ಲಿ ಹಕ್ಕಿ ಓಡಿಸಲು ಕವಣೆ ಬೀಸುವವರನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೊಂಟ ತಿರುಗಿ ನಿಲ್ಲುತ್ತದೆ, ಭುಜ ಮುಂದೆ ಬಂದು ನಿಲ್ಲುತ್ತದೆ, ಕೈ ನಿಲ್ಲುತ್ತದೆ, ಕಲ್ಲು ಹೋಗುತ್ತದೆ. ಹಿಂದಿನದು ತಡೆದು ನಿಂತಾಗಲೇ ಮುಂದಿನದಕ್ಕೆ ವೇಗ ಸಿಗುವುದು. ಕ್ರಿಕೆಟ್ಟಿನಲ್ಲಿ ಬೆಳೆದ ನನ್ನ ಮುಂಗಾಲು ಚೆಂಡಿನ ಕಡೆಗೆ ಚಾಚಿ ಮಂಡಿ ಬಗ್ಗುತ್ತಿತ್ತು, ನಿಲ್ಲಬೇಕಾದದ್ದು ನಿಲ್ಲುತ್ತಿರಲಿಲ್ಲ. ಅದನ್ನು ಬಿಡಿಸಲು ಹಳೆಯ ಫುಟ್‌ಬಾಲಿನೊಳಗೆ ಮರಳನ್ನೂ ಹತ್ತಿಯನ್ನೂ ತುಂಬಿ, ಚಪ್ಪಲಿ ಹೊಲಿಯುವವರಿಂದ ಹೊಲಿಸಿ, ಎರಡು ಕಿಲೋದ ಆ ಚೆಂಡನ್ನು ಪಕ್ಕಕ್ಕೆ ತಿರುಗಿ ಗೋಡೆಗೆ ಎಸೆಯುತ್ತಿದ್ದೆ. ಎಸೆಯುವ ಕ್ಷಣದಲ್ಲಿ ಮುಂಗಾಲಿನ ಮಂಡಿ ನೆಟ್ಟಗಾಗಬೇಕು ಎಂಬುದೊಂದೇ ನಿಯಮ. ಎರಡೂ ಪಕ್ಕಕ್ಕೆ ಎಂಟೆಂಟು ಎಸೆತ. ಉಳುಕಿದ ಪಕ್ಕೆಗೆ ಭಯವಿದ್ದುದರಿಂದ ಎಡಗೈ ಆಟಗಾರನಂತೆ ಉಲ್ಟಾ ಬೀಸುವುದನ್ನೂ ಸೇರಿಸಿಕೊಂಡೆ.

ಮೊದಲ ಆರು ವಾರ ಆಟ ಹದಗೆಟ್ಟಿತು ಎಂಬುದನ್ನು ಮುಚ್ಚಿಡುವುದಿಲ್ಲ. ಟೀ ಎಂಬ ಅಭ್ಯಾಸದ ಗೂಟದ ಮೇಲಿಟ್ಟ ಚೆಂಡು ಸಿಡಿಯುತ್ತಿತ್ತು, ಎಸೆದ ಚೆಂಡಿಗೆ ಬ್ಯಾಟು ಮುಂಚೆಯೇ ಬಂದು ಗಾಳಿಗೆ ಹೋಗುತ್ತಿತ್ತು. ಹಳೆಯ ನಿಧಾನದ ಬೀಸಿಗೆ ಹೊಂದಿಕೊಂಡಿದ್ದ ಕಣ್ಣು ಇನ್ನೂ ಬೇಗನೆ ಹೊರಡಲು ಹೇಳುತ್ತಿತ್ತು. 18.44 ಮೀಟರ್ ದೂರದಿಂದ ಬರುವ ಚೆಂಡನ್ನು ಇನ್ನೊಂದು ಕ್ಷಣ ನೋಡಿ ಹೊರಡಬಹುದೆಂಬುದು ಮೈಗೆ ಅರಿವಾದ ಮೇಲೆ, ಹೊರಗೆ ಹೋಗುವ ಎಸೆತಗಳನ್ನು ಬಿಡುವುದೂ ಸುಲಭವಾಯಿತು.

ಮೇ ಕೊನೆಯಲ್ಲಿ ಅಳೆದಾಗ ಟೇಪು 12 ಸೆಂಟಿಮೀಟರ್ ಜಿಗಿಯಿತು, ಗಂಟೆಗೆ ಸುಮಾರು 104 ಕಿಲೋಮೀಟರ್. ನಮ್ಮ ಕೊಪ್ಪಳದ ಬಿಸಿಲಿಗೆ ಬೆಳಿಗ್ಗೆ ಆರೂವರೆಯ ಬಳಿಕ ಬೀಸುವುದನ್ನು ಕೈಬಿಟ್ಟಿದ್ದೆ. ಫೋನು ಹಿಡಿದ ಹುಡುಗನೂ ಈಗ ಅದೇ ಟೇಪು ಸುತ್ತಿದ ಬ್ಯಾಟು ಬೀಸುತ್ತಾನೆ. ಅವನ ಕೈಗೆ ನಾನು ಹಗುರದ ಬ್ಯಾಟನ್ನೂ ಆಟದ ಬ್ಯಾಟನ್ನೂ ಮಾತ್ರ ಕೊಡುತ್ತೇನೆ, ಸೈಕಲ್ ಟ್ಯೂಬಿನದು ಇನ್ನೂ ಕಪಾಟಿನಲ್ಲೇ ಇದೆ.